ಸೀಸೆಯಕ್ಕ ಹೊತ್ತೊಯ್ದ ಹತ್ತು ಸೀಸೆ

ಹೋರಾಟ ಸಮಿತಿಯ ಕರಪತ್ರದಲ್ಲಿ ಸೀಸೆಯಕ್ಕನನ್ನು ‘ಎದೆಗಾರ್ತಿ’ ಎಂದು ಅಚ್ಚು ಹಾಕಿಸಿದ್ದಾರೆ. ಅದು ಸುಳ್ಳು. ಅವಳಂಥ ಪುಕ್ಕಲಿ ಆ ಮೂರು ಓಣಿಗಳಲ್ಲಿ ಇನ್ನೊಬ್ಬಳಿಲ್ಲ. ನಾಯಿ ಬೊಗಳಿದರೆ ರಸ್ತೆ ದಾಟುತ್ತಾಳೆ. ಲಿಫ್ಟಿನ ಬಾಗಿಲು ತಾನೇ ಮುಚ್ಚಿಕೊಂಡರೆ ಪಕ್ಕದವರ ತೋಳು ಹಿಡಿಯುತ್ತಾಳೆ. ಓಣಿಯ ತುದಿಯಲ್ಲಿ ಪೊಲೀಸ್ ಜೀಪು ನಿಂತರೆ ಅವಳಿಗೆ ಮೊದಲು ಬರುವುದು ಘೋಷಣೆಯಲ್ಲ, ಮೂತ್ರ. ಮೆರವಣಿಗೆಯಲ್ಲಿ ಯಾವಾಗಲೂ ನಡುವಿನ ಸಾಲು ಅವಳದು. ಲಾಠಿ ಮುಂದಿನಿಂದ ಬಂದರೂ ಹಿಂದಿನಿಂದ ಬಂದರೂ ತನಗಿಂತ ಮೊದಲು ಇನ್ನೊಬ್ಬರ ಬೆನ್ನು ಸಿಗಲಿ ಎಂಬ ಯೋಚನೆ. ಇದನ್ನೆಲ್ಲ ಅವಳೇ ಹೇಳಿಕೊಳ್ಳುತ್ತಾಳೆ, ಮುಚ್ಚುಮರೆಯಿಲ್ಲದೆ.

ಅವಳ ಕೆಲಸ ಗುಜರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹಳೆ ಬಾಟಲಿ ತೊಳೆಯುವುದು. ಹದಿನೆಂಟರಲ್ಲಿ ಹಿಡಿದ ಬ್ರಷ್ಷು ಐವತ್ತಮೂರಾದರೂ ಕೈಬಿಟ್ಟಿಲ್ಲ. ಎರಡು ಸಿಮೆಂಟು ತೊಟ್ಟಿ. ಒಂದರಲ್ಲಿ ಸೋಡಾಪುಡಿ ಹಾಕಿದ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ಮೊದಲನೆಯದರಲ್ಲಿ ಅಂಟಿಸಿದ ಚೀಟಿ ನೆನೆದು ಬಿಡುತ್ತದೆ, ಎರಡನೆಯದರಲ್ಲಿ ವಾಸನೆ ಬಿಡುತ್ತದೆ. ಬಾಯಿ ಚೂರು ಒಡೆದ ಬಾಟಲಿಯನ್ನು ಕಣ್ಣಲ್ಲಿ ಹುಡುಕುವುದಿಲ್ಲ. ಹೆಬ್ಬೆರಳನ್ನು ಒಂದು ಸುತ್ತು ಆಡಿಸಿದರೆ ಸಾಕು. ಮುಚ್ಚಳ ತಿರುಗಿಸುವ ಸದ್ದು ಕೇಳಿಯೇ ಇದು ಸೋರುತ್ತೆ, ಇದು ಸೋರಲ್ಲ ಎಂದು ಬೇರೆ ಮಾಡುತ್ತಾಳೆ. ಸೀಸೆಯಕ್ಕ ಎಂದು ಮೊದಲು ಕರೆದವರು ಯಾರೋ, ಕಟ್ಟಿಕೊಂಡ ಗಂಡನೂ ಈಗ ಹಾಗೇ ಕರೆಯುತ್ತಾನೆ. ಗಂಡ ಪಂಪು ರಿಪೇರಿಯವನು. ಕೊಳವೆಬಾವಿಗಳಿಂದ ಮೋಟಾರು ಮೇಲೆತ್ತಿ ಬಿಚ್ಚಿ ಕಟ್ಟುವ ಕಸುಬು. ಐದಾರು ವರ್ಷ ಬಾಳುತ್ತಿದ್ದ ಮೋಟಾರುಗಳು ಎರಡೇ ವರ್ಷಕ್ಕೆ ತೂತು ಬೀಳುತ್ತಿವೆ ಎಂದು ಎಲ್ಲರಿಗಿಂತ ಮುಂಚೆ ಕಂಡವನು ಅವನೇ.

ಓಣಿಗಳ ಬೆನ್ನಿಗೆ ಬಣ್ಣದ ಕಾರ್ಖಾನೆ. ಕಾರ್ಖಾನೆಯ ಗೋಡೆಯಿಂದ ಹೊರಬೀಳುವ ಮೋರಿ ಮೂರು ಓಣಿಗಳ ಹಿತ್ತಲಿಗೆ ತಾಗಿಕೊಂಡು ಹರಿಯುತ್ತದೆ. ಒಂದು ದಿನ ನೇರಳೆ, ಒಂದು ದಿನ ಇಟ್ಟಿಗೆ ಬಣ್ಣ. ಒಂಬತ್ತು ವರ್ಷದಿಂದ ಅದರ ಮೇಲೆ ಜಗಳ. ತಪಾಸಣೆ ಕಚೇರಿಯವರು ಬರುತ್ತಿದ್ದರು, ಆದರೆ ಮೊದಲೇ ಫೋನು ಮಾಡಿ ಬುಧವಾರ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಮೋರಿಯಲ್ಲಿ ಮುಖ ನೋಡಿಕೊಳ್ಳುವಂಥ ನೀರು. ಕಾರ್ಖಾನೆ ನಿಜವಾದದ್ದನ್ನು ಬಿಡುವುದು ಭಾನುವಾರ ಬೆಳಗಿನ ಐದೂವರೆಗೆ. ಈಗ ವಿಚಾರಣೆ ಕೊನೆಯ ಹಂತಕ್ಕೆ ಬಂದಿತ್ತು. ದೂರದ ದೊಡ್ಡ ಊರಿನ ಒಂದು ಲ್ಯಾಬಿನ ಪರೀಕ್ಷೆಯನ್ನು ಮಾತ್ರ ಒಪ್ಪುತ್ತೇವೆ, ಅದೂ ಇದೇ ತಿಂಗಳೊಳಗೆ ಎಂದು ವಿಚಾರಣೆಯವರು ಹೇಳಿದ್ದರು. ಅತ್ತ ಕಾರ್ಖಾನೆಯವರು ಮೋರಿಯನ್ನು ಮುಚ್ಚಿ ನೆಲದಡಿ ಪೈಪು ಹಾಕುತ್ತಿದ್ದರು. ಮುಂದಿನ ಭಾನುವಾರದ ಹೊತ್ತಿಗೆ ಬಗ್ಗಿ ತುಂಬಿಕೊಳ್ಳಲು ಮೋರಿಯೇ ಇರುವುದಿಲ್ಲ. ಸಿಗುವುದಿದ್ದರೆ ಈ ಭಾನುವಾರ. ತಪ್ಪಿದರೆ ಫೈಲು ಮುಚ್ಚಿತು, ಮೂರು ಓಣಿಗಳ ಬಾವಿಗಳೂ ಮುಚ್ಚಿದ ಹಾಗೇ.

ಲ್ಯಾಬಿನದು ಒಂದು ಹಟ, ವಿಮಾನದವರದು ಇನ್ನೊಂದು. ತುಂಬಿಸಿದ ಹನ್ನೆರಡು ಗಂಟೆಯೊಳಗೆ ತಲುಪಬೇಕು, ತಣ್ಣಗಿರಬೇಕು, ಒಂದು ಲೀಟರ್ ಇರಬೇಕು ಎಂದಿತು ಲ್ಯಾಬು. ರೈಲಿಗೆ ಎರಡು ದಿನ. ಕೊರಿಯರಿನವನು ದ್ರವ ಮುಟ್ಟುವುದಿಲ್ಲ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವುದಾದರೆ ಒಂದೊಂದು ಬಾಟಲಿಯೂ ನೂರು ಮಿಲಿಯೊಳಗಿರಬೇಕು, ಎಲ್ಲವೂ ಸೇರಿ ಒಂದೇ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ದೊಡ್ಡ ಪೆಟ್ಟಿಗೆಗೆ ಹಾಕಿ ವಿಮಾನದ ಹೊಟ್ಟೆಗೆ ಕಳಿಸೋಣವೆಂದರೆ ಲ್ಯಾಬಿನವರು ಬೇಡವೆಂದರು. ಅವರು ಕಳಿಸಿದ ಹಾಳೆಯಲ್ಲಿ ಹಾಗೇ ಇತ್ತು: ತುಂಬಿದವರ ಕೈಯಿಂದ ಲ್ಯಾಬಿನ ಕೈಗೆ, ನಡುವೆ ಎಲ್ಲೂ ಕಣ್ಮರೆಯಾಗಬಾರದು.

ಬಾಟಲಿಗಳ ವಿಷಯಕ್ಕೆ ಸೀಸೆಯಕ್ಕನನ್ನು ಕರೆದರು. ಸಮಿತಿಯ ಮೇಷ್ಟ್ರು ಗುಂಡನೆಯ ಹತ್ತು ಬಾಟಲಿ ತಂದಿದ್ದರು. ಅವಳು ನೋಡಿ ಮೂಗು ಮುರಿದಳು.

“ಗುಂಡಗಿರೋದು ಜಾಗ ತಿನ್ನುತ್ತೆ ಮೇಷ್ಟ್ರೇ. ಎಂಟಕ್ಕೇ ನಿಮ್ಮ ಚೀಲ ತುಂಬುತ್ತೆ. ಚಪ್ಪಟೆದು ತನ್ನಿ, ಔಷಧಿ ಅಂಗಡಿಯವರ ಹತ್ರ ಹೊಸ ಖಾಲಿ ಬಾಟ್ಲು ಸಿಗುತ್ತೆ, ಕಂದು ಬಣ್ಣದ ಪ್ಲಾಸ್ಟಿಕ್ಕಿಂದು. ಐದು ಐದು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ.”

ಆ ಭಾನುವಾರ ಬೆಳಗ್ಗೆ ಮೋರಿಯ ಅಂಚಿಗೆ ಕೂತು ತುಂಬಿದವಳೂ ಅವಳೇ. ಹೊಸ ಬಾಟಲಿಯನ್ನು ಅದೇ ಮೋರಿಯಲ್ಲಿ ಮೂರು ಸಲ ಜಾಲಿಸಿ ಆಮೇಲೆ ತುಂಬಬೇಕು ಎಂದಿತ್ತು ಲ್ಯಾಬು. ಮೂವತ್ತೈದು ವರ್ಷ ಕೊಳಕನ್ನು ತೊಳೆದ ಕೈ, ಹೊಚ್ಚ ಹೊಸ ಬಾಟಲಿಯನ್ನು ಕೊಳಕಲ್ಲಿ ತೊಳೆಯಲು ಹಿಂದೆಗೆಯಿತು. ಅವತ್ತು ಬಣ್ಣ ಹಳೆಯ ರಕ್ತದ್ದು. ವಾಸನೆಗೆ ಕಣ್ಣು ಉರಿಯುತ್ತಿತ್ತು. ಕಾರ್ಖಾನೆಯ ಕಾವಲುಗಾರ ಗೋಡೆಯ ಮೇಲೆ ತಲೆ ಹಾಕಿ “ಯಾರದು” ಎಂದಾಗ ಅವಳ ಕೈಯಿಂದ ಒಂದು ಬಾಟಲಿ ಜಾರಿ ಮೋರಿಗೆ ಬಿತ್ತು. ಅದನ್ನು ಮೊಣಕೈವರೆಗೆ ಅದ್ದಿ ಹುಡುಕಿ ತೆಗೆದಳು. ಒಂದೊಂದನ್ನೂ ತುಂಬಿದ ಕೂಡಲೇ ಮುಚ್ಚಿ, ಮುಚ್ಚಳದ ಮೇಲೆ ಅಂಟುಪಟ್ಟಿ ಸುತ್ತಿ, ಪಟ್ಟಿಯ ಮೇಲೆ ಸಹಿ ಹಾಕಿದಳು. ಮೇಷ್ಟ್ರು ಹಾಳೆ ಚಾಚಿ “ಇಲ್ಲೊಂದು ಸಹಿ ಹಾಕಮ್ಮ” ಎಂದರು. ತೋರಿಸಿದಲ್ಲಿ ಹಾಕಿದಳು.

ಎಡವಟ್ಟಾದದ್ದು ಅಲ್ಲೇ. ಏಳು ಗಂಟೆಗೆ ಸಮಿತಿಯ ವಕೀಲಮ್ಮ ಬಂದು, ಹಾಳೆಯನ್ನು ಬೆಳಕಿಗೆ ಹಿಡಿದು ಓದಿದಳು.

“‘ಮಾದರಿ ತುಂಬಿ ಒಯ್ಯುವವರು’ ಅನ್ನೋ ಕಡೆ ಇದು ಯಾರ ಸಹಿ?”

“ಸೀಸೆಯಕ್ಕಂದು. ತುಂಬಿದ್ದು ಅವರೇ ಅಲ್ವಾ,” ಎಂದರು ಮೇಷ್ಟ್ರು.

“ವಿಮಾನ ಹತ್ತೋದು ಯಾರು?”

“ನಾನು.”

“ಇಲ್ಲ ಮೇಷ್ಟ್ರೇ, ಇನ್ನು ನೀವಲ್ಲ. ಅವರೇ ಹತ್ತಬೇಕು. ಕೈ ಬದಲಾಗಿದೆ ಅಂತ ಕಾರ್ಖಾನೆ ವಕೀಲ ಮೊದಲ ದಿನಾನೇ ಎತ್ತಿ ಬಿಸಾಡ್ತಾನೆ.”

ಸೀಸೆಯಕ್ಕ ಆಗ ಕೈಗೆ ಸೋಪು ಹಚ್ಚಿ ಉಜ್ಜುತ್ತಿದ್ದಳು. ಕೇಳಿದವಳೇ ಹಾಗೇ ಕುಕ್ಕರುಗಾಲಲ್ಲಿ ಕೂತಳು. “ನಾನು ಹೋಗಲ್ಲ,” ಎಂದಳು. “ನನಗೆ ಎರಡನೇ ಮಹಡಿಗೇ ತಲೆ ತಿರುಗುತ್ತೆ.” ಒತ್ತಾಯ ಮಾಡಿದ್ದರೆ ಅತ್ತು ಕರೆದು ತಪ್ಪಿಸಿಕೊಳ್ಳುತ್ತಿದ್ದಳೇನೋ. ಆದರೆ ಎಲ್ಲರೂ ಆ ಹತ್ತು ಬಾಟಲಿಗಳನ್ನೇ ನೋಡುತ್ತ ನಿಂತರು. ಪಕ್ಕದ ಮನೆಯಲ್ಲಿರುವ ನಾದಿನಿ ಹುಣ್ಣೆದ್ದ ಕಾಲಿಗೆ ಮುಲಾಮು ಹಚ್ಚಿಕೊಂಡು ಹೊಸ್ತಿಲಲ್ಲಿ ಕೂತಿದ್ದವಳು, “ಅತ್ತಿಗೆ, ಬೀಳೋದಿದ್ರೆ ವಿಮಾನ ಎಲ್ಲರನ್ನೂ ಕಟ್ಟಿಕೊಂಡೇ ಬೀಳುತ್ತೆ, ನಿನ್ನೊಬ್ಬಳನ್ನೇ ಆರಿಸಿ ಬಿಸಾಡಲ್ಲ,” ಎಂದಳು.

ಮೇಷ್ಟ್ರ ಟಿಕೆಟ್ಟು ಹಾಳಾಯಿತು. ಅವಳ ಹೆಸರಿಗೆ ಹನ್ನೆರಡೂ ನಲವತ್ತರ ವಿಮಾನಕ್ಕೆ ಹೊಸದು ಬಂತು.

ಕಟ್ಟುವ ಕೆಲಸ ಅಡುಗೆಮನೆಯ ಕಟ್ಟೆಯ ಮೇಲೆ ನಡೆಯಿತು. ಬಾಟಲಿಗಳು ಚೀಲದಲ್ಲಿ ಎರಡು ಸಾಲಾಗಿ ಅವಳು ಹೇಳಿದ ಹಾಗೇ ಕೂತವು. ಜಿಪ್ಪು ಎಳೆದಾಗ ಚೀಲ ತುಂಬಿದ ಬಸುರಿಯಂತೆ ಬಿಗಿದುಕೊಂಡಿತು. ಆದರೆ ಅವಳು ಬೇರೆಯೇ ಒಂದು ಲೆಕ್ಕ ಹಾಕುತ್ತಿದ್ದಳು. ಬಾಟಲಿಯ ತಳದಲ್ಲಿ ನೂರು ಎಂದು ಒತ್ತಿರುತ್ತದೆ, ನಿಜ. ಆದರೆ ಕಂಠದವರೆಗೆ ತುಂಬಿದರೆ ಅದು ಹತ್ತೋ ಹನ್ನೆರಡೋ ಹೆಚ್ಚೇ ಹಿಡಿಯುತ್ತದೆ. ಅದು ಬಾಟಲಿ ತೊಳೆಯುವವರಿಗೆ ಮಾತ್ರ ಗೊತ್ತಿರುವ ಗುಟ್ಟು. ಗಾಳಿ ಉಳಿಯಬಾರದು ಎಂದು ಲ್ಯಾಬು ಹೇಳಿದ್ದರಿಂದ ಅವಳು ಕಂಠದವರೆಗೆ ತುಂಬಿದ್ದಳು. ವಿಮಾನದವರು ಅಳೆದರೆ? ಯಾರಿಗೂ ಹೇಳಲಿಲ್ಲ. ಹೇಳಿದರೆ ಭಯ ಹಂಚಿಹೋಗುತ್ತದೆ ಎನ್ನುತ್ತಾರೆ. ಅವಳ ಅನುಭವದಲ್ಲಿ ಹೇಳಿದಷ್ಟೂ ಅದು ಮರಿ ಹಾಕುತ್ತದೆ.

ತಣ್ಣಗಿಡುವುದು ಹೇಗೆ ಎಂಬುದಕ್ಕೆ ಗಂಡ ದಾರಿ ಹುಡುಕಿದ. ಮಂಜುಗಡ್ಡೆ ಒಯ್ದರೆ ಕರಗಿ ಅದೂ ದ್ರವವೇ ಆಗುತ್ತದೆ. ಅವನು ಹಿಂದಿನ ದಿನವೇ ಒಂದು ಟವೆಲನ್ನು ಒದ್ದೆ ಮಾಡಿ ಹಿಂಡಿ, ಮೇಷ್ಟ್ರ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟಿದ್ದ. ಅದು ಈಗ ಹಲಗೆಯಂತೆ ಸೆಟೆದಿತ್ತು. ಅದನ್ನೂ ಬಾಟಲಿಗಳ ಚೀಲವನ್ನೂ ಒಟ್ಟಿಗೆ ಒಂದು ಬ್ಯಾಗಿಗೆ ತುರುಕಿದ.

“ಗಟ್ಟಿಯಿದ್ದಾಗಲೂ ಟವೆಲು, ಕರಗಿದಾಗಲೂ ಟವೆಲು,” ಎಂದ. “ಯಾವ ಕಾನೂನು ಹಾಕ್ತಾರೋ ಹಾಕಲಿ.”

ವಕೀಲಮ್ಮ ಸೀಸೆಯಕ್ಕನ ಎದುರು ಸ್ಟೂಲು ಎಳೆದುಕೊಂಡು ಕೂತಳು. “ನೋಡಿ ಅಕ್ಕ, ಅಲ್ಲಿ ಏನು ಅಂತ ಕೇಳ್ತಾರೆ. ನೀರು ಅನ್ನಬೇಡಿ. ಬಾಯಲ್ಲೂ ಬೇಡ, ಬರಹದಲ್ಲೂ ಬೇಡ. ಹೋದ ಸಲ ನಿಮ್ಮ ಓಣಿಯವರೇ ಸಾಕ್ಷಿ ಹೇಳುವಾಗ ‘ಮೋರಿ ನೀರು’ ಅಂದುಬಿಟ್ಟರು. ನೀರು ಅಂತ ಅವರೇ ಒಪ್ಪಿದ್ದಾರೆ ಅಂತ ಆ ವಕೀಲ ಮೂರು ತಿಂಗಳು ಅದನ್ನೇ ಅಗಿದ. ನೀವು ‘ಸ್ಯಾಂಪಲ್’ ಅನ್ನಿ. ಅಷ್ಟೇ ಸಾಕು.”

“ಸಾಂಪಲ್.”

“ಸ್ಯಾಂಪಲ್.”

“ಸಿಂಪಲ್,” ಎಂದ ಗಂಡ, ಬಾಗಿಲ ಹತ್ತಿರ ನಿಂತು. ಅವಳು ನಗಲಿಲ್ಲ. ಬಟ್ಟೆ ಬದಲಿಸುವಾಗಲೂ ಬಸ್ಸಿನಲ್ಲೂ ಆ ಪದವನ್ನು ನಾಲಿಗೆಯ ಮೇಲೆ ಉರುಳಿಸುತ್ತಲೇ ಇದ್ದಳು. ನಿಲ್ದಾಣದ ಗಾಜಿನ ಬಾಗಿಲಲ್ಲಿ ಗಂಡನನ್ನು ತಡೆದು ಅವಳೊಬ್ಬಳನ್ನೇ ಒಳಗೆ ಬಿಟ್ಟರು. ತಿರುಗಿ ನೋಡಿದಳು. ಅವನು ಕೈ ಬೀಸಲಿಲ್ಲ, ಎರಡೂ ಕೈಯಲ್ಲಿ ತನ್ನ ಟೋಪಿ ಹಿಂಡುತ್ತಿದ್ದ. ಅವನಿಗೂ ಭಯ ಎಂದು ಗೊತ್ತಾದ ಮೇಲೆ ಅವಳು ಮತ್ತೆ ತಿರುಗಿ ನೋಡಲಿಲ್ಲ.

ಒಳಗೆ ನೆಲ ಕನ್ನಡಿಯಂತಿತ್ತು. ಜಾರುತ್ತದೆಂದು ಗೋಡೆಯ ಪಕ್ಕದಲ್ಲೇ ನಡೆದಳು. ತಪಾಸಣೆಯ ಸಾಲಿನಲ್ಲಿ ಮುಂದಿನವರು ಬೆಲ್ಟು, ಗಡಿಯಾರ, ಫೋನು ಕಳಚಿ ತಟ್ಟೆಗೆ ಹಾಕುತ್ತಿದ್ದರು. ತಟ್ಟೆಗಳ ಪಕ್ಕದಲ್ಲೊಂದು ದೊಡ್ಡ ತೊಟ್ಟಿ. ಜನರಿಂದ ಕಸಿದುಕೊಂಡ ಶಾಂಪೂ, ಸೆಂಟು, ಎಣ್ಣೆ, ಅರ್ಧ ಕುಡಿದ ಜ್ಯೂಸು ಎಲ್ಲ ಅದರಲ್ಲಿ ಬಿದ್ದಿದ್ದವು. ಬೇರೆ ದಿನವಾಗಿದ್ದರೆ ಅಷ್ಟೊಂದು ಒಳ್ಳೆಯ ಬಾಟಲಿ ಕಂಡು ಅವಳ ಕೈ ತುರಿಸುತ್ತಿತ್ತು. ಈಗ ಅವಳಿಗೆ ಕಂಡದ್ದು ಅದರ ಬಾಯಿ ಮಾತ್ರ. ತನ್ನ ಹತ್ತೂ ಅದಕ್ಕೆ ಬಿದ್ದರೆ ಒಂಬತ್ತು ವರ್ಷ ಬಿದ್ದ ಹಾಗೆ. ಓಣಿಗೆ ಹೋಗಿ ಯಾವ ಮುಖ ತೋರಿಸುವುದು?

ಬ್ಯಾಗು ಯಂತ್ರದೊಳಗೆ ಹೋಯಿತು. ಕಣ್ಮರೆಯಾಗಬಾರದು ಎಂದಿದ್ದರಲ್ಲ, ಅವಳು ಬಗ್ಗಿ ರಬ್ಬರು ಪರದೆಯ ಸಂದಿಯಲ್ಲಿ ಇಣುಕಿದಳು. “ಏಯ್ ಅಮ್ಮ, ಆ ಕಡೆ ಬನ್ನಿ,” ಎಂದು ಯಾರೋ ಗದರಿದರು. ಆ ಕಡೆ ಹೋದಳು. ಎಲ್ಲರ ತಟ್ಟೆ ಉರುಳಿ ಬಂದವು. ಅವಳದು ಬರಲಿಲ್ಲ. ಯಂತ್ರದ ಪಟ್ಟಿ ನಿಂತಿತು, ಹಿಂದಕ್ಕೆ ಓಡಿತು, ಮತ್ತೆ ಮುಂದಕ್ಕೆ ಬಂತು.

“ಈ ಬ್ಯಾಗ್ ಯಾರದು?” ಎಂದ ಕನ್ನಡಕದ ಗಾರ್ಡು.

“ನಂದು.”

“ಏನಮ್ಮ ಇದು, ಹತ್ತು ಬಾಟ್ಲಿ? ಕೆಮ್ಮಿನ ಔಷಧಿನಾ? ಒಂದು ಊರಿಗಾಗುವಷ್ಟಿದೆ.”

ಅವಳು ಬಾಯಿ ತೆರೆದಳು. ಬೆಳಗಿನಿಂದ ಉರುಳಿಸಿದ ಪದ ನಾಲಿಗೆಯ ಮೇಲಿರಲಿಲ್ಲ. ಸ ಎಂಬಷ್ಟೂ ಇರಲಿಲ್ಲ. “ನೀ...” ಎಂದವಳು ಹಾವು ತುಳಿದಂತೆ ಅಲ್ಲೇ ನಿಂತಳು.

“ನೀರಾ? ನೀರಾದ್ರೆ ಒಂದು ಗುಟುಕು ಕುಡಿದುಬಿಡಿ, ನಿಮ್ಮ ಪಾಡಿಗೆ ಹೋಗಿ.” ಅವನು ಒಂದು ಬಾಟಲಿ ತೆಗೆದು ಅವಳ ಮುಂದೆ ಹಿಡಿದ. ಸಿಟ್ಟೇನೂ ಇರಲಿಲ್ಲ ಅವನಿಗೆ. ದಿನಕ್ಕೆ ನೂರು ಜನಕ್ಕೆ ಹೇಳುವ ಮಾತು.

“ಕುಡಿಯೋಕಾಗಲ್ಲ ಸಾರ್.”

“ಯಾಕಾಗಲ್ಲ?”

ಮನುಷ್ಯರ ಬಾಯಿ ಭಯ ಬಿದ್ದಾಗ ತನಗೆ ಅಭ್ಯಾಸವಿದ್ದದ್ದನ್ನೇ ಆಡುತ್ತದೆ. ಒಂಬತ್ತು ವರ್ಷ ಕಚೇರಿ ಕಚೇರಿಗಳ ಮುಂದೆ, ಬಿಸಿಲಲ್ಲಿ, ನಡುವಿನ ಸಾಲಿನಲ್ಲಿ ನಿಂತು ಅವಳು ಕೂಗಿದ್ದು ಒಂದೇ ಪದ. ಅದೇ ಬಂತು.

“ವಿಷ,” ಎಂದಳು.

ಪಟ್ಟಿ ನಿಂತೇ ಹೋಯಿತು. ಹಿಂದಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಎರಡು ಹೆಜ್ಜೆ ಸರಿದಳು. ಕನ್ನಡಕದವನು ಬಾಟಲಿಯನ್ನು ಮೊಟ್ಟೆ ಇಟ್ಟಂತೆ ಕೆಳಗಿಟ್ಟ. “ಏನಂದ್ರಿ?” ಎಂದ. ಅವಳಿಗೆ ಈಗ ನೆನಪಾಯಿತು. “ಸ್ಯಾಂಪಲ್,” ಎಂದಳು, “ಸ್ಯಾಂಪಲ್ ಸಾರ್, ಸ್ಯಾಂಪಲ್.”

“ಯಾವುದರ ಸ್ಯಾಂಪಲ್?”

ಅವಳು ಲ್ಯಾಬಿನ ಹಾಳೆಯನ್ನು ತೆಗೆದು ಚಾಚಿದಳು.

ಇಬ್ಬರು ಹೆಂಗಸು ಗಾರ್ಡುಗಳು ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಕಿಟಕಿಯಿಲ್ಲ. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಏನೇನು ಒಯ್ಯಬಾರದು ಎಂಬ ಚಿತ್ರಪಟ: ಚಾಕು, ಬಂದೂಕು, ತಲೆಬುರುಡೆ ಬರೆದ ಡಬ್ಬಿ. ತಲೆಬುರುಡೆಯನ್ನು ನೋಡಿ ಅವಳು ಕಣ್ಣು ಕೆಳಗೆ ಹಾಕಿದಳು. ಅವಳ ಸೆರಗು, ತಲೆಗೂದಲು, ಚಪ್ಪಲಿಯ ಅಟ್ಟೆ ತಡಕಿದರು. ಮೊಣಕೈ ಮೂಸಿದ ಗಾರ್ಡು ಮುಖ ಹಿಂಡಿದಳು. ಎಷ್ಟು ಸೋಪು ಹಚ್ಚಿದರೂ ಮೋರಿಯ ವಾಸನೆ ಹೋಗಿರಲಿಲ್ಲ. ಬಾಟಲಿಗಳಿಗೆ ಬಿಳಿ ಪಟ್ಟಿ ಸವರಿ ಒಂದು ಯಂತ್ರಕ್ಕೆ ಕೊಟ್ಟರು. ಹಸಿರು ದೀಪ ಬಂತು. ಇನ್ನೊಂದಕ್ಕೆ ಸವರಿದರು. ಹಸಿರು. ಹತ್ತೂ ಹಸಿರು.

“ಸಿಡಿಯುವಂಥದ್ದಲ್ಲ,” ಎಂದ ಕನ್ನಡಕದವನು, ಸ್ವಲ್ಪ ನಿರಾಸೆಯಾದವನಂತೆ. “ಆದ್ರೂ ಒಂದು ಬಿಚ್ಚಿ ನೋಡ್ತೀನಿ.”

“ಬಿಚ್ಚಬೇಡಿ,” ಎಂದಳು ಸೀಸೆಯಕ್ಕ. ತನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ತಾನೇ ಬೆಚ್ಚಿದಳು. “ಪಟ್ಟಿ ಕಿತ್ತರೆ ಲ್ಯಾಬಿನಲ್ಲಿ ತಗೊಳ್ಳಲ್ಲ ಸಾರ್. ನನ್ನನ್ನ ಎಷ್ಟು ಬೇಕಾದ್ರೂ ಬಿಚ್ಚಿ ನೋಡಿ. ಅದನ್ನ ಬೇಡ.”

ಹೆಂಗಸು ಗಾರ್ಡಿಗೆ ನಗು ಬಂದು ಕೆಮ್ಮಿಗೆ ತಿರುಗಿಸಿಕೊಂಡಳು.

ಮೇಲಿನ ಅಧಿಕಾರಿ ಬಂದಳು. ನಲವತ್ತೈದರ ಹೆಂಗಸು, ವಿಪರೀತ ನೆಗಡಿ, ಕೈಯಲ್ಲಿ ಮುದ್ದೆಯಾದ ಕರವಸ್ತ್ರ. ಲ್ಯಾಬಿನ ಹಾಳೆಯನ್ನು ಎರಡು ಸಲ ಓದಿದಳು. ಬಿಳಿ ರಿಜಿಸ್ಟರಿನ ಒಂದು ಪುಟ ತೆರೆದು ಸೀಸೆಯಕ್ಕನ ಮುಂದೆ ತಳ್ಳಿದಳು.

“ನೋಡಿ ಅಮ್ಮ, ಗಡಿಯಾರ ಹನ್ನೆರಡಾಗ್ತಾ ಬಂತು. ಇಲ್ಲಿ ಎರಡು ಚೌಕ ಇದೆ. ಇದು ‘ಅಪಾಯವಿಲ್ಲ’, ಇದು ‘ಅಪಾಯಕಾರಿ’. ಮೊದಲನೇದಕ್ಕೆ ಗುರುತು ಹಾಕಿ, ‘ನೀರು’ ಅಂತ ಬರೆದು ಸಹಿ ಮಾಡಿದ್ರೆ ತಗೊಂಡು ಹೋಗಿ. ಎರಡನೇದಕ್ಕೆ ಹಾಕಿದ್ರೆ ಬಾಟ್ಲಿ ಇಲ್ಲೇ ಇರುತ್ತೆ, ನೀವು ಪೊಲೀಸ್ ಠಾಣೆಗೆ ಹೋಗ್ತೀರಿ.”

ಠಾಣೆ ಎಂದ ಕೂಡಲೇ ಅವಳಿಗೆ ಹೊಟ್ಟೆಯ ಕೆಳಗೆ ಬಿಗಿಯಿತು. ಪೆನ್ನು ಹಿಡಿದಳು. ಮೊದಲ ಚೌಕ ಎಷ್ಟು ಹತ್ತಿರವಿತ್ತು! ಒಂದು ಗೀಟು, ಎರಡು ಅಕ್ಷರ, ಮುಗಿಯಿತು. ಬಾಟಲಿಗಳು ಲ್ಯಾಬು ಸೇರುತ್ತವೆ. ಆದರೆ ಈ ರಿಜಿಸ್ಟರೂ ಇಲ್ಲೇ ಇರುತ್ತದೆ, ಅವಳ ಸಹಿಯ ಜೊತೆಗೆ: ನೀರು, ಅಪಾಯವಿಲ್ಲ.

“ಮೇಡಂ, ಹಾಗೆ ಬರೆದರೆ ಕಾರ್ಖಾನೆಯವರು ಇದನ್ನೇ ತಂದು ತೋರಿಸ್ತಾರೆ.”

“ಯಾವ ಕಾರ್ಖಾನೆಯವರೂ ಇದನ್ನ ನೋಡಲ್ಲಮ್ಮ. ವರ್ಷ ಆದ ಮೇಲೆ ಮೂಲೆಗೆ ಬಿದ್ದಿರುತ್ತೆ.”

“ಅವರು ಮೂಲೆಯಲ್ಲೇ ಹುಡುಕೋದು ಮೇಡಂ. ನನ್ನ ನಾದಿನಿ ಆಸ್ಪತ್ರೆಯಲ್ಲಿ ಬರೆಸಿದ ಹಳೇ ಚೀಟಿ ಹುಡುಕಿ, ಇವಳಿಗೆ ಹುಣ್ಣು ಹನ್ನೆರಡು ವರ್ಷದ ಹಿಂದೇನೇ ಇತ್ತು ಅಂತ ತೋರಿಸಿದರು. ಆಗ ಕಾಲಿಗೆ ಮೊಳೆ ಚುಚ್ಚಿತ್ತು, ಅಷ್ಟೇ.”

“ಹಾಗಾದ್ರೆ ಅಪಾಯಕಾರಿ ಅಂತ ಹಾಕಿ. ಅದನ್ನೇ ತಾನೇ ಹೊರಗೆ ಹೇಳಿದ್ದು.”

ಹೇಳಿದ್ದು ಹೌದು. ಎಷ್ಟು ಸಾವಿರ ಸಲ ಹೇಳಿದ್ದಳೋ. ಆದರೆ ಈಗ ಪೆನ್ನು ಕೈಯಲ್ಲಿರುವಾಗ, ತನ್ನ ಸಹಿಯ ಕೆಳಗೆ ಆ ಪದ ಬರೆಯಬೇಕಾದಾಗ, ಒಂದು ವಿಚಿತ್ರ ಅನುಮಾನ ಅವಳನ್ನು ಹಿಡಿಯಿತು. ನನಗೆ ಏನು ಗೊತ್ತು? ಮೋಟಾರು ತೂತು ಬಿದ್ದದ್ದು ಗೊತ್ತು. ನಾದಿನಿಯ ಕಾಲು ಗೊತ್ತು. ಬೆಳಗ್ಗೆ ಕಣ್ಣು ಉರಿದದ್ದು ಗೊತ್ತು. ಬಾಟಲಿಯೊಳಗೆ ಏನಿದೆ ಎಂದು ಯಾರು ಹೇಳಿದ್ದಾರೆ? ಯಾರೂ ಹೇಳಿಲ್ಲ. ಒಂಬತ್ತು ವರ್ಷದಿಂದ ಅದನ್ನೇ ಅಲ್ಲವೇ ಕೇಳುತ್ತಿರುವುದು? ಈ ಯೋಚನೆ ಅವಳಿಗೆ ಠಾಣೆಗಿಂತ ಹೆಚ್ಚು ಭಯ ಹುಟ್ಟಿಸಿತು. ಮೇಷ್ಟ್ರು ಕೇಳಿಸಿಕೊಂಡರೆ ಏನೆನ್ನುತ್ತಾರೋ.

ಅಕ್ಷರ ಅವಳು ಕಲಿತದ್ದು ಸಮಿತಿಯ ಫಲಕ ಬರೆಯುವಾಗ. ಹಾಗಾಗಿ ಬರೆದರೆ ದಪ್ಪ ದಪ್ಪ ಬರುತ್ತದೆ. ಎರಡೂ ಚೌಕ ಬಿಟ್ಟು ನಡುವಿನ ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಳು: ಏನು ಅಂತ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋಕೆ ತಗೊಂಡು ಹೋಗ್ತಿದೀನಿ.

ಅಧಿಕಾರಿಣಿ ತಲೆಕೆಳಗಾಗಿಯೇ ಓದಿದಳು. ಸೀನಿದಳು. “ಇದೇನಮ್ಮ ಇದು, ಇದಕ್ಕೆ ಚೌಕ ಎಲ್ಲಿದೆ?”

“ಇಲ್ಲ ಮೇಡಂ. ನಿಜ ಅಷ್ಟೇ ಇರೋದು.”

“ಏನೋ ಗೊತ್ತಿಲ್ಲದ್ದನ್ನ ಮೇಲೆ ಕಳಿಸಿ, ಅಲ್ಲಿ ಸೋರಿದರೆ ನನ್ನ ಕೆಲಸ ಹೋಗುತ್ತೆ. ನನಗೂ ಮನೆ ಇದೆ, ಮಕ್ಕಳಿದ್ದಾರೆ.” ಆ ಮಾತನ್ನು ಅವಳು ಗದರಿಸಿ ಹೇಳಲಿಲ್ಲ. ಎದುರಿಗಿರುವ ಹೆಂಗಸೂ ಹೆದರಿದ್ದಾಳೆ ಎಂದು ಸೀಸೆಯಕ್ಕನಿಗೆ ಗೊತ್ತಾಯಿತು. ಹೆದರಿಕೆಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

“ಸೋರೋ ಮಾತೇ ಇಲ್ಲ,” ಎಂದಳು. ಬೆಳಗಿನಿಂದ ಅವಳು ನಡುಗದೆ ಆಡಿದ ಮೊದಲ ಮಾತು ಅದು. ಒಂದು ಬಾಟಲಿ ತೆಗೆದಳು. ಅಧಿಕಾರಿಣಿ ಬೇಡ ಎನ್ನುವಷ್ಟರಲ್ಲಿ ಅದನ್ನು ತಲೆಕೆಳಗೆ ಮಾಡಿ ಆ ಬಿಳಿ ಪುಟದ ಮೇಲೆ, ತಾನು ಬರೆದ ಸಾಲಿನ ಪಕ್ಕದಲ್ಲಿ, ಮುಚ್ಚಳದ ಮೇಲೆ ನಿಲ್ಲಿಸಿದಳು. ಎರಡನೆಯದನ್ನು ನಿಲ್ಲಿಸಿದಳು. ಹತ್ತನ್ನೂ ನಿಲ್ಲಿಸಿದಳು. ಎರಡು ಬೆರಳಲ್ಲಿ ಒಂದೊಂದರ ಹೊಟ್ಟೆಯನ್ನೂ ಒತ್ತಿದಳು. “ಹೊಸ ಬಾಟ್ಲು. ಒಳಗೆ ಮೆತ್ತನೆ ಬಿಲ್ಲೆ ಇದೆ. ಎರಡು ಸುತ್ತು ಬಿಗಿದು, ಅರ್ಧ ಹಿಂದೆ ತಂದು, ಮತ್ತೆ ಬಿಗಿಯಬೇಕು. ಮುಚ್ಚಿದವಳು ನಾನು. ಒಂದು ಹನಿ ನಿಮ್ಮ ಪುಟಕ್ಕೆ ತಾಗಿದರೆ ಎಲ್ಲಾ ಆ ತೊಟ್ಟಿಗೆ ಹಾಕಿ.”

ನಾಲ್ಕು ಜನ ಹತ್ತು ಬಾಟಲಿಗಳನ್ನು ನೋಡುತ್ತ ನಿಂತರು. ಹೊರಗೆ ಯಾವುದೋ ವಿಮಾನದ ಕೂಗು. ಒಂದು ನಿಮಿಷ, ಎರಡು. ಕನ್ನಡಕದವನು ಬಗ್ಗಿ ಪುಟಕ್ಕೆ ಮೂಗು ತಾಗಿಸಿ ನೋಡಿದ. ಸೀಸೆಯಕ್ಕನಿಗೆ ಬಾಟಲಿಗಳ ಬಗ್ಗೆ ಹೆದರಿಕೆ ಇರಲಿಲ್ಲ, ಕಂಠದವರೆಗೆ ತುಂಬಿದ ಆ ಹನ್ನೆರಡು ಮಿಲಿಯ ಬಗ್ಗೆ ಇತ್ತು. ತಲೆಕೆಳಗಾದ ಬಾಟಲಿಯಲ್ಲಿ ಗಾಳಿಯ ಗುಳ್ಳೆ ಇಲ್ಲವೆಂದು ಇವನಿಗೆ ಕಂಡುಬಿಟ್ಟರೆ? ಅವನು ನೋಡಿದ್ದು ಕಾಗದವನ್ನು ಮಾತ್ರ.

“ಒಣಗಿದೆ ಮೇಡಂ,” ಎಂದ.

ಅಧಿಕಾರಿಣಿ ಹಾಳೆಯಲ್ಲಿದ್ದ ಲ್ಯಾಬಿನ ನಂಬರಿಗೆ ಫೋನು ಮಾಡಿದಳು. “ಹತ್ತು ಬಾಟ್ಲಿ ಬರೋದಿದೆಯಾ? ಹೌದು, ಹೆಂಗಸು. ಅಲ್ಲ, ಅದರೊಳಗೆ ಏನಿದೆ ಅಂತ ನಿಮಗಾದ್ರೂ ಗೊತ್ತಾ?” ಆ ಕಡೆಯ ದನಿ ಏನೋ ಹೇಳಿತು. ಅವಳು ಫೋನಿಟ್ಟು ಮೂಗೊರೆಸಿಕೊಂಡಳು. “ಗೊತ್ತಿದ್ರೆ ಯಾಕೆ ತರಿಸಿಕೊಳ್ತಿದ್ವಿ ಅಂತಾನೆ. ಎಲ್ಲರೂ ಒಂದೇ ಹಾಡು.”

ರಿಜಿಸ್ಟರಿನಲ್ಲಿ ಸೀಸೆಯಕ್ಕನ ಸಾಲಿನ ಕೆಳಗೆ ಬರೆದಳು: ಪರೀಕ್ಷೆಗೆ ಒಯ್ಯುತ್ತಿರುವ ಮಾದರಿ, ನೂರರ ಹತ್ತು ಬಾಟಲಿ, ಸ್ಫೋಟಕವಲ್ಲ, ಸೋರಿಕೆಯಿಲ್ಲ. ಗಂಟೆ ಹಾಕಿ ಸಹಿ ಮಾಡುವ ಮುಂಚೆ ಪೆನ್ನನ್ನು ಗಾಳಿಯಲ್ಲಿ ಹಿಡಿದೇ ಇದ್ದಳು, ನೀರಿಗೆ ಇಳಿಯುವ ಮುಂಚೆ ಕಾಲು ತಡೆಯುವವರಂತೆ. ಆಮೇಲೆ ಗೀಚಿದಳು. “ಹೋಗಿ. ಓಡಿ. ಇನ್ನೊಮ್ಮೆ ಯಾರಾದ್ರೂ ಏನು ಅಂತ ಕೇಳಿದ್ರೆ ದಯವಿಟ್ಟು ಆ ಪದ ಮಾತ್ರ ಹೇಳಬೇಡಿ.”

“ಯಾವ ಪದ ಮೇಡಂ?”

“ಎರಡೂ.”

ಓಡಿದಳು. ಜಾರುವ ನೆಲದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಬಾಗಿಲು ಮುಚ್ಚಲು ನಿಂತಿದ್ದ ಹುಡುಗಿ ಅವಳನ್ನು ಒಳಗೆ ತಳ್ಳಿಕೊಂಡಳು. ಬ್ಯಾಗನ್ನು ಮೇಲಿನ ಖಾನೆಗೆ ಹಾಕಿ ಎಂದರು, ಅವಳು ಒಪ್ಪಲಿಲ್ಲ. ಸೀಟಿನ ಕೆಳಗಿಟ್ಟು ಎರಡೂ ಪಾದಗಳ ನಡುವೆ ಇರುಕಿಕೊಂಡಳು. ವಿಮಾನ ನೆಲ ಬಿಟ್ಟಾಗ ಕಣ್ಣು ಮುಚ್ಚಬೇಕು ಅನ್ನಿಸಿತು. ಆದರೆ ಕಣ್ಮರೆಯಾಗಬಾರದಲ್ಲ. ಕತ್ತು ಬಗ್ಗಿಸಿ ಇಡೀ ದಾರಿ ಬ್ಯಾಗನ್ನೇ ನೋಡಿದಳು. ಮೇಲೆ ಹೋದಂತೆ ಚೀಲ ಉಬ್ಬಿ, ಬಾಟಲಿಗಳು ಒಂದಕ್ಕೊಂದು ತಾಗಿ ಟಿಕ್ ಟಿಕ್ ಎನ್ನುವುದು ಕೇಳಿತು. ಪ್ರತಿ ಟಿಕ್ಕಿಗೂ ಕೈ ಹಾಕಿ ಮುಟ್ಟಿದಳು. ಟವೆಲು ಮೆತ್ತಗಾಗಿತ್ತು, ಇನ್ನೂ ತಣ್ಣಗಿತ್ತು. ಅದರ ತೇವ ಬೆರಳಿಗೆ ತಾಗಿದಾಗಲೆಲ್ಲ ಸೋರಿತೆಂದು ಮೂಸಿ ನೋಡುವಳು, ಬರೀ ಟವೆಲು. ಪಕ್ಕದ ಗಂಡಸು ಒಂದು ಸಲ ನೋಡಿ, ಮತ್ತೆ ನೋಡಿ, ಪತ್ರಿಕೆಯನ್ನು ಗೋಡೆಯಂತೆ ಎತ್ತಿಕೊಂಡ.

ಲ್ಯಾಬು ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ನಾಲ್ಕೂ ಕಾಲಿಗೆ ತಲುಪಿದಳು. ಕಿಟಕಿಯ ಹಿಂದೆ ನೀಲಿ ಕೈಗವಸು ಹಾಕಿಕೊಂಡ ತೆಳ್ಳನೆಯ ಮನುಷ್ಯ. ಅವನು ಹತ್ತೂ ಪಟ್ಟಿಗಳ ಮೇಲಿನ ಸಹಿಯನ್ನು ಹಾಳೆಯ ಸಹಿಯ ಜೊತೆ ಒಂದೊಂದಾಗಿ ಹೋಲಿಸಿ ನೋಡಿದ. ಏಳನೆಯದರಲ್ಲಿ ತಡೆದ. ಅವಳು ಕಟ್ಟೆ ಹಿಡಿದುಕೊಂಡಳು.

“ಇದರಲ್ಲಿ ಸಹಿ ವಕ್ರವಾಗಿದೆ.”

“ಅದು ಮೋರಿಗೆ ಬಿದ್ದಿತ್ತು ಸಾರ್. ತೆಗೆದ ಮೇಲೆ ಕೈ ನಡುಗ್ತಿತ್ತು.”

ಅವನು ಅವಳ ಮುಖ ನೋಡಿದ. ಮತ್ತೆ ಸಹಿ ನೋಡಿದ. ಎಂಟನೆಯದಕ್ಕೆ ಹೋದ. ತಾಪಮಾನದ ಕಡ್ಡಿ ಟವೆಲಿನೊಳಗೆ ತೂರಿಸಿ, ತಲೆಯಾಡಿಸಿ, ‘ಸ್ವೀಕರಿಸಿದವರು’ ಎಂಬಲ್ಲಿ ತನ್ನ ಹೆಸರು ಬರೆದ. ಹತ್ತೂ ಬಾಟಲಿ ಕಿಟಕಿಯ ಆಚೆ ಹೋದವು. ಒಂದು ಉಕ್ಕಿನ ಬಾಗಿಲು ಮುಚ್ಚಿಕೊಂಡಿತು. ಒದ್ದೆ ಟವೆಲನ್ನು ಮಾತ್ರ ವಾಪಸು ಕೊಟ್ಟ.

“ಏನಿದೆ ಅಂತ ಯಾವಾಗ ಗೊತ್ತಾಗುತ್ತೆ ಸಾರ್?”

“ಎಂಟು ದಿನ. ಏನೂ ಇಲ್ಲ ಅಂತಲೂ ಬರಬಹುದು ಅಮ್ಮ, ಈಗಲೇ ಹೇಳೋಕಾಗಲ್ಲ.”

ಅಷ್ಟು ಹೊತ್ತಿನ ಹೆದರಿಕೆಗಳೆಲ್ಲ ಒಂದರ ಹಿಂದೊಂದು ತೀರಿದ್ದವು, ಇದು ಹೊಸದು. ಎಂಟು ದಿನದ್ದು. ಸೀಸೆಯಕ್ಕ ಟವೆಲು ಹಿಂಡಿ, ಮಡಿಸಿ, ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು.